ಎದ್ದೇ ಇದ್ದೇನೆ

"ಕುದುರೆಯಿಂದ ಬಿದ್ದವನ ತಲೆಯೊಳಗೆ ರಕ್ತ ಎಲ್ಲಿ ನಿಂತಿದೆ ಅಂತ ನಾನೇನು ಕಾಳು ಚೆಲ್ಲಿ ಕಣಿ ಕೇಳ್ಲೇನು, ಬುರುಲ್?" ಡಾಕ್ಟರ್ ತಾಲಯ್ ಬಾಗಿಲಲ್ಲೇ ನಿಂತು ಸಿಡುಕಿದ. ಕೈಗೆ ಆಗಲೇ ಗವಸು ತೊಟ್ಟಿದ್ದ.

ತಲೆಯ ಸ್ಕ್ಯಾನ್ ಚಿತ್ರಗಳೆಲ್ಲ ಬುರುಲ್ ಮುಂದಿದ್ದ ಯುನಿಕ್ಸ್ ಕಂಪ್ಯೂಟರಿನೊಳಗಿದ್ದವು. ಅವನ್ನು ಆಪರೇಷನ್ ಕೋಣೆಗೆ ಹಂಚಬೇಕಾದ ಸರ್ವರ್ ಪ್ರೋಗ್ರಾಂ ಮಾತ್ರ, ಬೆಳಿಗ್ಗೆ ಕರೆಂಟು ಹೋಗಿ ಬಂದಾಗಿನಿಂದ ಮೇಲೇಳುತ್ತಿರಲಿಲ್ಲ. ಎಬ್ಬಿಸಿದಾಗಲೆಲ್ಲ ಪರದೆಯ ಮೇಲೆ ಒಂದೇ ಉತ್ತರ: 'ನಾನು ಎದ್ದೇ ಇದ್ದೇನೆ, ಮತ್ತೆ ಎಬ್ಬಿಸಬೇಡ.' ಸೋದರಮಾವ ಅಸಾಂಕುಲ್ ಈ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗ ತಮಾಷೆಗೆ ಬರೆದಿಟ್ಟ ಮಾತು. ಅವಳಿಗೆ ಈ ವಿದ್ಯೆ ಕಲಿಸಿದವರೂ ಅವರೇ.

ಅವಳು ಮಾವನಿಗೆ ಫೋನ್ ಮಾಡಿದಳು. ಎತ್ತಿದವರು ದೊಡ್ಡಮಾವ. ಹಿಂದೆ ಜನರ ಗುಜುಗುಜು.

"ಮಾವಂಗೆ ಕೊಡಿ, ಬೇಗ! ಅವರ ಹಳೇ ಕತ್ತೆ ಮೇಲೇಳ್ತಾ ಇಲ್ಲ."

"ಅವನು... ಮೇಲಿನ ಹುಲ್ಲುಗಾವಲಿಗೆ ಹೋಗಿದಾನೆ ಮಗಳೇ. ನೀನು ಅಲ್ಲೇ ಇರು. ನಾವೇ ಬರ್ತೀವಿ."

"ನೀವು ಬಂದೇನ್ಮಾಡ್ತೀರಿ? ಇದೇನು ಕುರಿಮಂದೆಯೇ? ಮಾವ ಬಂದ ಕೂಡಲೇ ಫೋನ್ ಮಾಡೋಕೆ ಹೇಳಿ!"

ಫೋನು ಕುಕ್ಕಿ, ಯಂತ್ರದೊಳಗೆ ಏನೇನು ಓಡುತ್ತಿದೆಯೆಂದು ಹುಡುಕಿದಳು. ಸರ್ವರ್ ಅಲ್ಲಿರಲೇ ಇಲ್ಲ. ಉಸಿರೇ ಇಲ್ಲದ್ದು ಎದ್ದಿದ್ದೇನೆ ಅನ್ನುವುದು ಹೇಗೆ?

"ಒಂದೇ ನಿಮಿಷ, ತಾಲಯಣ್ಣ."

"ನಿನ್ನ ನಿಮಿಷದಲ್ಲಿ ಒಂದು ಕುದುರೆ ಮರಿ ಹಾಕುತ್ತೆ ಕಣೇ."

ತಟ್ಟನೆ ಹೊಳೆಯಿತು. ಏಳುವಾಗ ಸರ್ವರ್ ಒಂದು ಗುರುತಿನ ಫೈಲ್ ಇಡುತ್ತದೆ, ಮಲಗುವಾಗ ತಾನೇ ಅಳಿಸುತ್ತದೆ. ಕರೆಂಟು ಹೋದಾಗ ಅಳಿಸಲು ಪುರುಸೊತ್ತೆಲ್ಲಿ? ಸತ್ತದ್ದು ಸತ್ತಿತ್ತು, ಗುರುತು ಉಳಿದಿತ್ತು. ಆ ಗುರುತನ್ನೇ ನಂಬಿಕೊಂಡು ಯಂತ್ರ ಮಾವನ ಮಾತನ್ನು ಒಪ್ಪಿಸುತ್ತಿತ್ತು. ಅಳಿಸಿದಳು, ಎಬ್ಬಿಸಿದಳು.

"ಬಂತು, ಚಿತ್ರ ಬಂತು!" ಒಳಗಿನಿಂದ ನರ್ಸ್ ಕೂಗಿದಳು. ಡಾಕ್ಟರ್ ಓಡಿದ.

ಮಾವನ ಹತ್ತಿರ ಜಂಬ ಕೊಚ್ಚಿಕೊಳ್ಳಬೇಕೆಂದು ಬುರುಲ್ ಮತ್ತೆ ಫೋನು ಎತ್ತಿಕೊಂಡಳು. ಕಿಟಕಿಯಾಚೆ ಹುಲ್ಲುಗಾವಲಿಗೆ ಏರುವ ಕಣಿವೆಯ ದಾರಿ ಹಿಮದಲ್ಲಿ ಮುಚ್ಚಿಹೋಗಿತ್ತು. ಮಂದೆಗಳೆಲ್ಲ ಯಾವತ್ತೋ ಕೆಳಗಿಳಿದಿದ್ದವು. ಈಗ ಮೇಲಿನ ಹುಲ್ಲುಗಾವಲಿನಲ್ಲಿ ತೋಳ ಬಿಟ್ಟರೆ ಯಾರಿದ್ದಾರೆ?

ಎತ್ತಿದ ಫೋನನ್ನು ಕೆಳಗಿಟ್ಟಳು. ಸಾವನ್ನು ಯಾರು ತಾನೇ ಫೋನಿನಲ್ಲಿ ಹೇಳುತ್ತಾರೆ? ಹಿರಿಯರು ಬಂದು, ಪಕ್ಕದಲ್ಲಿ ಕೂತು, ಸುತ್ತಿ ಬಳಸಿ ಹೇಳಬೇಕು. ಗೇಟಿನ ಹತ್ತಿರ ದೊಡ್ಡಮಾವನ ಕಾರು ನಿಂತಿತು. ತುಪ್ಪಳದ ಟೋಪಿಯ ಮುದುಕರು ಒಬ್ಬೊಬ್ಬರಾಗಿ ಇಳಿದರು.

ಅವರು ಮೆಟ್ಟಿಲು ಹತ್ತುವ ಸದ್ದು ಕೇಳಿಸುತ್ತಿದ್ದಂತೆ ಬುರುಲ್ ಯಂತ್ರದ ಕಡೆ ತಿರುಗಿ, ಓಡುತ್ತಿದ್ದ ಸರ್ವರನ್ನೇ ಇನ್ನೊಮ್ಮೆ ಎಬ್ಬಿಸಿದಳು.

'ನಾನು ಎದ್ದೇ ಇದ್ದೇನೆ,' ಎಂದರು ಮಾವ. 'ಮತ್ತೆ ಎಬ್ಬಿಸಬೇಡ.'