ಮಾವನ ಮನೆಗೆ ತಾಂಬೂಲ

ಎಲೆ ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ಜೋಡಿಸಿದ್ದ ತಟ್ಟೆಯನ್ನು ಗಿರಿಯಪ್ಪ ಗಂಗುಲಪ್ಪನ ಮುಂದಕ್ಕೆ ಸರಿಸಿದ.

"ಇನ್ಮ್ಯಾಕೆ ನಿನ್ನನ್ನ ಬಾವ ಅನ್ನಲ್ಲ ಕಣಪ್ಪ, ಬೀಗ ಅಂತೀನಿ. ನಮ್ಮ ನಾಗರತ್ನನ್ನ ನಿನ್ನ ಮಗ ಓಬುಳೇಶಂಗೆ ತಂದ್ಕೋ. ಸೋದರಮಾವನ ಮಗ ಇರೋವಾಗ ಹೊರಗಿನ ಗಂಡು ಯಾಕೆ ಹುಡುಕ್ಬೇಕು? ಹುಡುಗೀನೂ ಒಪ್ಪವ್ಳೆ. ನಾನೂ ಬತ್ತೀನಿ ಅಂತ ಹಠ ಹಿಡಿದು ಜೊತೆಗೇ ಬಂದವ್ಳೆ."

ಗಂಗುಲಪ್ಪ ತಟ್ಟೆ ಮುಟ್ಟಲಿಲ್ಲ. ಹೊರಗೆ ಜಗಲಿಯ ಮೇಲೆ ಅವನ ಕಡೆಯವರು ಕೂತು ಬರುವ ಪಂಚಾಯತಿ ಎಲೆಕ್ಷನ್ನಿನ ಮಾತಾಡುತ್ತಿದ್ದರು. ಬಾಗಿಲು ತೆರೆದೇ ಇತ್ತು.

ಗಿರಿಯಪ್ಪ ಕಲ್ಯಾಣದುರ್ಗದವನು. ಗಂಗುಲಪ್ಪನ ತಂಗಿ ಈರಕ್ಕನನ್ನು ಕೊಟ್ಟಿದ್ದು ಗಿರಿಯಪ್ಪನ ತಮ್ಮನಿಗೆ. ತಮ್ಮ ತೀರಿಕೊಂಡ ಮೇಲೆ ಅವನ ಮಗಳ ಮದುವೆ ತನ್ನ ಹೊಣೆ ಎಂದುಕೊಂಡಿದ್ದ. ನಾಗರತ್ನ ತಮ್ಮನ ಮಗಳಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವಳು ಹುಟ್ಟಿದಾಗ ಆಂಧ್ರದಲ್ಲಿ ಒಂದು ಕಾನೂನಿತ್ತು: ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯತಿ ಎಲೆಕ್ಷನ್ನಿಗೆ ನಿಲ್ಲುವಂತಿಲ್ಲ. ಗಂಗುಲಪ್ಪನಿಗೆ ಆಗಲೇ ಇಬ್ಬರು. ಅದೇ ವಾರ ಹೆರಿಗೆಗೆಂದು ತವರಿಗೆ ಬಂದಿದ್ದ ಈರಕ್ಕನ ಕೂಸು ಉಳಿಯಲಿಲ್ಲ. ಅವನು ತನ್ನ ಮೂರನೆಯ ಮಗುವನ್ನು ತಂಗಿಯ ಮಡಿಲಿಗೆ ಹಾಕಿ, ಎಲೆಕ್ಷನ್ನಿಗೆ ನಿಂತು, ಎರಡು ಸಲ ಸರ್ಪಂಚನಾದ. ಈಗ ಸರಕಾರ ಆ ಕಾನೂನನ್ನೇ ತೆಗೆದುಹಾಕಿತ್ತು. ಮಗಳು ಇನ್ನೂ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು.

ಅಡುಗೆಮನೆಯಲ್ಲಿ ಅವನ ಹೆಂಡತಿ ವರಲಕ್ಷ್ಮಿ ನಾಗರತ್ನಳ ರಟ್ಟೆ ಹಿಡಿದಳು.

"ಏನೇ ಇದು? ಈರಕ್ಕ ನಿಂಗೆ ಎಲ್ಲಾ ಹೇಳವ್ಳೆ. ಗೊತ್ತಿದ್ದೂ ಒಪ್ಕಂಡ್ಯಾ?"

"ಒಪ್ಕಂಡೆ ಅತ್ತೆ."

"ಅವನು ನಿನ್ನ ಒಡಹುಟ್ಟಿದ ಅಣ್ಣ ಕಣೇ!"

"ಅದು ನಂಗೊತ್ತು, ನಿಂಗೊತ್ತು. ದೊಡ್ಡಪ್ಪಂಗೆ ಗೊತ್ತಿಲ್ಲ, ಊರಿಗೆ ಗೊತ್ತಿಲ್ಲ. ಕಾನೂನು ಹೋಯ್ತಲ್ಲ, ಈಗಾದ್ರೂ ನಾನು ಯಾರ ಮಗಳು ಅಂತ ನಾಲ್ಕು ಜನದ ಮುಂದೆ ಹೇಳು ಅಂತ ಮಾವನ್ನ ಕೇಳ್ದೆ. ಎಲೆಕ್ಷನ್ ಮುಗೀಲಿ ಅಂದ. ಸುಳ್ಳು ಹೇಳಿ ಗೆದ್ದೋನು ಅಂತ ಎದುರು ಪಾರ್ಟಿ ಪೋತಪ್ಪನ ಕಡೆಯೋರು ಊರೆಲ್ಲ ಸಾರ್ತಾರಂತೆ. ಇದು ಮುಗಿದ್ರೆ ಇನ್ನೊಂದು ಎಲೆಕ್ಷನ್ ಬತ್ತದೆ." ನಾಗರತ್ನ ಲೋಟಗಳಿಗೆ ಟೀ ಬಗ್ಗಿಸಿದಳು. "ಅಮ್ಮನೇ ಹೂ ಮುಡಿಸಿ ಕಳಿಸಿದ್ಲು. ಹೋಗು, ಅವನ ಬಾಯಿಂದಾನೇ ಹೇಳಿಸ್ಕಂಡು ಬಾ ಅಂದ್ಲು."

"ನಂಗಾದ್ರೂ ಒಂದು ಮಾತು..."

"ನೀನೂ ಹೇಳ್ಬೌದಿತ್ತಲ್ಲ ಅತ್ತೆ."

ವರಲಕ್ಷ್ಮಿ ರಟ್ಟೆ ಬಿಟ್ಟಳು.

ನಡುಮನೆಯಲ್ಲಿ ಗಂಗುಲಪ್ಪ ದಾರಿ ಹುಡುಕುತ್ತಿದ್ದ. ಹುಡುಗನಿಗೆ ಈಗಲೇ ಮದುವೆ ಬೇಡವಂತೆ ಎಂದ.

"ಹಿಂದೂಪುರದ ಗಾರ್ಮೆಂಟ್ಸ್‌ನಾಗೆ ಸೂಪರ್‌ವೈಸರು. ಇನ್ನೇನು ಕಲೆಕ್ಟ್ರು ಆಗೋವರ್ಗೂ ಕಾಯ್ತಾನಾ?"

"ಜಾತಕ ಒಂದ್ಸಲ ತೋರಿಸಾನ..."

"ನಿನ್ನ ಮಗಳು ಪದ್ಮಲತಾನ್ನ ಕೊಡೋವಾಗ ಯಾವ ಜಾತಕ ತೋರಿಸ್ದೆ?"

"ಹತ್ತಿರದ ಸಂಬಂಧ ಬ್ಯಾಡ ಅಂತಾರಪ್ಪ ಡಾಕ್ಟ್ರು. ಹುಟ್ಟೋ ಮಕ್ಳು ಸರಿಯಾಗಿ ಹುಟ್ಟಲ್ವಂತೆ."

"ನಿಮ್ಮಪ್ಪ ಸ್ವಂತ ಅಕ್ಕನ ಮಗಳನ್ನ ಕಟ್ಕಂಡಿರ್ಲಿಲ್ವಾ? ನೀನು ಹುಟ್ಟಿ ಸರ್ಪಂಚ್ ಆಗ್ಲಿಲ್ವಾ?"

ಜಗಲಿಯಿಂದ ಯಾರೋ ಟೀ ಎಲ್ಲೆಂದು ತೆಲುಗಿನಲ್ಲಿ ಕೂಗಿದರು: "ಸರ್ಪಂಚ್‌ಗಾರೂ, ಟೀ ಎಕ್ಕಡ?" ಉಳಿದವರು ನಕ್ಕರು.

ಗಿರಿಯಪ್ಪ ನಗಲಿಲ್ಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ನಿಂತ. "ಅಪ್ಪ ಇಲ್ಲದ ಹೆಣ್ಣು ಅಂತ ಬ್ಯಾಡ ಅಂತೀಯಾ? ಹಂಗಂತ ಬಾಯ್ಬಿಟ್ಟು ಹೇಳ್ಬುಡು. ತಟ್ಟೆ ಎತ್ಕಂಡು ಹೋಯ್ತೀವಿ. ಕೂತ್ಕಂಡು ಆಟ ಆಡಿಸ್ಬ್ಯಾಡ."

ನಾಗರತ್ನ ಒಳಗಿನಿಂದ ಬಂದು ಟೀ ಲೋಟಗಳನ್ನು ನೆಲದ ಮೇಲಿಟ್ಟಳು. ತಾಂಬೂಲದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಗಂಗುಲಪ್ಪನ ಎದೆಯ ಮಟ್ಟಕ್ಕೆ ಹಿಡಿದಳು.

"ತಗೋ ಮಾವ. ತಗೋಳಲ್ಲ ಅಂದ್ರೆ ಯಾಕೆ ಅಂತ ದೊಡ್ಡಪ್ಪಂಗೆ ಹೇಳು."

"ಒಳಗೋಗಮ್ಮ. ದೊಡ್ಡೋರು ಮಾತಾಡ್ತಾ ಇದೀವಿ."

ಅವಳು ಹೋಗಲಿಲ್ಲ. ತಟ್ಟೆಯನ್ನೂ ಇಳಿಸಲಿಲ್ಲ. ಅಡುಗೆಮನೆಯ ಬಾಗಿಲಿಗೆ ವರಲಕ್ಷ್ಮಿ ಬಂದು ನಿಂತಿದ್ದಳು. ಗಂಗುಲಪ್ಪ ಅವಳ ಕಡೆ ನೋಡಿದ. ಅವಳು ನೆಲ ನೋಡಲಿಲ್ಲ, ಅವನನ್ನೇ ನೋಡಿದಳು.

ಗಂಗುಲಪ್ಪ ಎದ್ದು ಹೋಗಿ ಬೀದಿಬಾಗಿಲು ಮುಚ್ಚಿ ಚಿಲಕ ಹಾಕಿದ. ಬೆನ್ನನ್ನು ಬಾಗಿಲಿಗೆ ಒತ್ತಿಕೊಂಡೇ ಮೆಲ್ಲಗೆ ಹೇಳಿದ:

"ಇವಳು ನನ್ನ ಮಗಳು ಕಣಪ್ಪ ಗಿರಿಯಪ್ಪ. ವರಲಕ್ಷ್ಮಿ ಹೆತ್ತಿದ್ದು. ಓಬುಳೇಶನ ತಂಗಿ."

ಗಿರಿಯಪ್ಪ ಗೋಡೆ ಹಿಡಿದು ಹಾಗೇ ಕೂತ.

ನಾಗರತ್ನ ತಟ್ಟೆಯನ್ನು ಎಡಗೈಗೆ ತೆಗೆದುಕೊಂಡಳು. ಬಲಗೈಯಿಂದ ಗಂಗುಲಪ್ಪನನ್ನು ಪಕ್ಕಕ್ಕೆ ಸರಿಸಿ, ಚಿಲಕ ತೆಗೆದು, ಬಾಗಿಲಿನ ಎರಡೂ ಹಲಗೆಗಳನ್ನು ಅಗಲಕ್ಕೆ ತೆರೆದಳು. ಜಗಲಿಯ ಮೇಲಿದ್ದವರೆಲ್ಲ ಇತ್ತ ತಿರುಗಿದರು.

"ಇನ್ನೊಂದ್ಸಲ ಹೇಳು ಮಾವ," ಎಂದಳು. "ಇವ್ರಿಗೆ ಕೇಳಿಸ್ಲಿಲ್ಲ."