ಹೆದರಿಸದ ದೆವ್ವ

‘ಈ ದೆವ್ವದ ಆಟ ಯಾರನ್ನೂ ಹೆದರಿಸುವುದಿಲ್ಲ. ಹತ್ತಕ್ಕೆ ಮೂರು’ ಎಂದು ಬರೆದ ಹಾತಿಮ್, ಕೈರೋದ ಪತ್ರಿಕೆಗೆ ವಿಮರ್ಶೆ ಕಳಿಸುವ ಮುಂಚೆ ಆ ವಿಡಿಯೋ ಆಟವನ್ನು ಇನ್ನೊಮ್ಮೆ ತೆರೆದ. ಪಕ್ಕದಲ್ಲಿ ಅಮ್ಮ ಎಂದಿನಂತೆ ಮೊಲೊಖಿಯಾ ಸೊಪ್ಪು ಬಿಡಿಸುತ್ತಿದ್ದಳು. ಪರದೆಯ ಮೇಲೆ ಕೂದಲು ಕೆದರಿದ ಹೆಂಗಸು ಮೆಟ್ಟಿಲಿಳಿದು ಬಂದಳು.

“ಅಯ್ಯೋ, ಎಷ್ಟು ಸೊರಗಿದಾಳೆ ನೋಡೋ! ಇವಳಿಗೊಂದು ತುತ್ತು ರೊಟ್ಟಿ ಹಾಕೋರಿಲ್ವಾ?” ಎಂದಳು ಅಮ್ಮ. ಹಾತಿಮ್ ನಕ್ಕ. “ಸಾರು ಉಕ್ಕುತ್ತೇನೋ, ನೋಡ್ಕೊಂಡು ಬರ್ತೀನಿ” ಎಂದು ಅವಳು ಎದ್ದು ಹೋದಳು.

ಮತ್ತೆ ಅದೇ ಮೆಟ್ಟಿಲು, ಅದೇ ಹೆಂಗಸು. ಈ ಸಲ ಹಾತಿಮನ ಅಂಗೈ ಬೆವರಿತು. ಕಾಲು ತಾನಾಗಿಯೇ ಕುರ್ಚಿಯ ಮೇಲೇರಿತು. ಹೋದ ತಿಂಗಳು ಕಾರು ಓಟದ ಆಟಕ್ಕೆ ಒಂಬತ್ತು ಕೊಟ್ಟಾಗಲೂ ಅಮ್ಮ ಪಕ್ಕದಲ್ಲೇ ಕೂತು ಚಪ್ಪಾಳೆ ತಟ್ಟುತ್ತಿದ್ದಳಲ್ಲವೇ? ಹಾಗಾದರೆ ಇಷ್ಟು ದಿನ ತಾನು ಅಂಕ ಕೊಟ್ಟದ್ದು ಯಾರಿಗೆ? ಮೂರನ್ನು ಅಳಿಸಿದ. ಆ ಜಾಗವನ್ನು ಖಾಲಿ ಬಿಟ್ಟ.

“ಅಮ್ಮಾ,” ಎಂದು ಕೂಗಿದ, “ಸೊಪ್ಪು ಇಲ್ಲೇ ಬಿಟ್ಟು ಹೋಗಿದೀಯಲ್ಲ, ಬೇಗ ಬಾ!”