ಊರೊಳಗಿನ ದಾರಿಗೊಂದು ಟೈರು

ಟೈರ್ ಅಂಗಡಿಯ ದಾನಪ್ಪನಿಗೆ ಗಿರಾಕಿಯನ್ನು ಕಂಡೊಡನೆ ಹುರುಪು ಬಂತು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಕಪ್ಪು ಕನ್ನಡಕ, ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದ ಹೊಚ್ಚ ಹೊಸ ಎಸ್‌ಯುವಿ. ಅದರ ಟೈರುಗಳ ಮೇಲಿನ ರಬ್ಬರಿನ ಎಳೆಗಳು ಕೂಡ ಇನ್ನೂ ಉದುರಿರಲಿಲ್ಲ.

“ಇವನ್ನ ತಗದು ಆಲ್ ಟೆರೇನ್ ಟೈರ್ ಹಾಕ್ರಿ,” ಎಂದರು ಗಿರಾಕಿ. “ಕಲ್ಲಿರಲಿ, ಕೆಸರಿರಲಿ, ಗಾಡಿ ಎಲ್ಲೂ ನಿಲ್ಲಬಾರದು.”

ದಾನಪ್ಪ ದಪ್ಪ ದಪ್ಪ ಹಲ್ಲುಗಳಿದ್ದ ಟೈರೊಂದನ್ನು ಉರುಳಿಸಿಕೊಂಡು ಬಂದ. “ಲಡಾಖಿಗೆ ಹೊಂಟೀರೇನ್ರಿ ಸಾಹೇಬ್ರ?”

“ಇಲ್ಲ.”

“ಹಂಗಾರ ಕಾಡಿಗೆ?”

“ಇಲ್ರೀ. ಇಲ್ಲೇ, ಊರಾಗ.”

ದಾನಪ್ಪ ಟೈರನ್ನು ಗೋಡೆಗೆ ಒರಗಿಸಿದ. ಅವನಿಗೆ ವ್ಯಾಪಾರ ಬೇಕಿತ್ತು, ಆದರೆ ಆಮೇಲೆ ಬಂದು ಬೈಯುವ ಗಿರಾಕಿ ಬೇಕಿರಲಿಲ್ಲ. “ಊರಾಗ ಓಡಾಡಾಕ ಇವು ಬ್ಯಾಡ್ರಿ. ಡಾಂಬರಿನ ಮ್ಯಾಲೆ ಗುಂಯ್ ಅಂತ ಸದ್ದು ಮಾಡ್ತಾವ. ಗಾಡಿ ಡೀಸೆಲ್ಲೂ ಜಾಸ್ತಿ ಕುಡೀತೈತಿ.”

“ಕುಡೀಲಿ ಬಿಡ್ರಿ. ನಾಳೆ ಮಂತ್ರಿಗಳು ನನ್ನ ಗಾಡ್ಯಾಗ ಕೂಡ್ತಾರ. ನಡುದಾರ್ಯಾಗ ಗಾಲಿ ಹುಗದು ಕುಂತ್ರ ನನ್ನ ಮಾನ ಹೋಗತೈತಿ.”

“ಅಂಥಾ ದೊಡ್ಡವರನ್ನ ಗಾಲಿ ಹುಗಿಯೋ ದಾರ್ಯಾಗ ಯಾಕ ಕರ್ಕೊಂಡು ಹೋಗ್ತೀರಿ? ಬ್ಯಾರೆ ದಾರಿ ಹಿಡೀರಿ.”

ಗಿರಾಕಿ ಕನ್ನಡಕ ತೆಗೆದು ಅತ್ತಿತ್ತ ನೋಡಿದರು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ದನಿ ತಗ್ಗಿಸಿದರು.

“ಬ್ಯಾರೆ ದಾರಿ ಹೆಂಗ ಹಿಡೀಲಿ? ಅವರು ಬರೋದ ನಾ ಮಾಡಿದ ಹೊಸಾ ರಸ್ತಾ ಉದ್ಘಾಟನೆ ಮಾಡಾಕ.”